ಸೈಕಲ್ಲಿಗೆ ಮೋಟಾರು ಕಟ್ಟೋ ಹುಡುಗರು

ಇವತ್ತು ರಾಜಕೀಯ ಬೇಡ, ಸೈಕಲ್ಲಿನ ವಿಷಯ ಮಾತಾಡೋಣ. ಶೋರೂಮಿನ ಸೈಕಲ್ಲಲ್ಲ. ಹಳೇ ಸೈಕಲ್ಲಿಗೆ ಮನೆಯಲ್ಲೇ ಮೋಟಾರು ಕಟ್ಟಿ, ಭಾನುವಾರ ಬೆಳಿಗ್ಗೆ ಹಲಸೂರು ಕೆರೆ ಕಡೆ ಓಡಿಸಿಕೊಂಡು ಬರ್ತಾರಲ್ಲ, ಆ ಹುಡುಗರ ಸೈಕಲ್ಲು.

ದುಡ್ಡು ಕೊಟ್ರೆ ರೆಡಿಮೇಡ್ ಸಿಗುತ್ತೆ, ಇವರಿಗೇನು ಹುಚ್ಚು ಅಂತೀರಾ? ಹಾಗಾದ್ರೆ ಒಮ್ಮೆ ಶಿವಾಜಿನಗರದ ಗುಜರಿಗೆ ಹೋಗಿ ಬನ್ನಿ. ಬಿಚ್ಚಿಟ್ಟ ಗಾಡಿಗಳ ರಾಶಿ, ನೆಲದ ಮೇಲೆಲ್ಲ ಆಯಿಲ್ ಕಲೆ. ಕೈಯಲ್ಲಿ ಒಂದು ಕ್ಲಾಂಪ್ ಹಿಡಿದು "ಎಷ್ಟು ಭಾಯ್?" ಅಂದ್ರೆ, "ಯಾವ ಗಾಡಿಗೆ?" ಅಂತ ಕೇಳ್ತಾರೆ. "ಸೈಕಲ್ಲಿಗೆ" ಅಂದ್ರೆ ಮೊದಲು ನಗ್ತಾರೆ. ಆಮೇಲೆ ಅವರೇ ರಾಶಿ ಕೆದಕಿ, ಸರಿಯಾದ ಅಳತೆಯದ್ದು ಹುಡುಕಿ ಕೊಡ್ತಾರೆ. ವೈರು, ಸ್ವಿಚ್ಚು ಬೇಕಾದ್ರೆ ದಂಡು ದಾಟಿ ಪೇಟೆಯ ಎಸ್.ಪಿ. ರಸ್ತೆಗೆ. ಈ ಅಲೆದಾಟದಲ್ಲೇ ಅರ್ಧ ಸುಖ ಇದೆ ಸ್ವಾಮಿ.

ಕೆಲಸ ಏನು ದೊಡ್ಡದಲ್ಲ ಅನ್ನಿಸುತ್ತೆ. ಚಕ್ರದ ಹಬ್‌ನಲ್ಲೇ ಕೂರೋ ಮೋಟಾರು, ಒಂದು ಕಂಟ್ರೋಲರ್, 36 ವೋಲ್ಟ್ ಬ್ಯಾಟರಿ. ಸಾಮಾನ್ಯ ಮನುಷ್ಯ ಒಂದೇ ಸಮ ತುಳಿದರೆ ಅವನ ಕಾಲು ಕೊಡೋದು ಸುಮಾರು 100 ವಾಟ್. ಮೋಟಾರು ಕೊಡೋದು 250. ಅಂದ್ರೆ ನಿಮ್ಮ ಜೊತೆ ಇನ್ನಿಬ್ಬರು ಕೂತು ತುಳಿದ ಹಾಗೆ. ಹಲಸೂರಿನಿಂದ ಟ್ರಿನಿಟಿ ಕಡೆಗೆ ಏರು ಹತ್ತುವಾಗ ಬೆನ್ನಿಗೆ ಯಾರೋ ಕೈ ಕೊಟ್ಟು ತಳ್ಳಿದಂತಾಗುತ್ತೆ. ತಾನೇ ಬೆಸುಗೆ ಹಾಕಿದ ವೈರಿನಿಂದ ಆ ಶಕ್ತಿ ಬಂತು ಅನ್ನೋ ಖುಷಿ ಇದೆಯಲ್ಲ, ಅದನ್ನ ಯಾವ ಇಎಂಐ ಕೊಡುತ್ತೆ ಹೇಳಿ?

ಇದೇನು ಹೊಸದೂ ಅಲ್ಲ. ಎರಡನೇ ಮಹಾಯುದ್ಧ ಮುಗಿದು ಸುಸ್ತಾಗಿದ್ದ ಜಪಾನಿನಲ್ಲಿ, 1946ರಲ್ಲಿ, ಸೊಯಿಚಿರೋ ಹೋಂಡಾ ಮಾಡಿದ್ದೂ ಇದನ್ನೇ. ಸೈನ್ಯದ ವೈರ್‌ಲೆಸ್ ಜನರೇಟರುಗಳ ಗುಜರಿ ಎಂಜಿನ್ ತಂದು ಸೈಕಲ್ಲಿಗೆ ಕಟ್ಟಿದ. ಬಿಸಿನೀರಿನ ಡಬ್ಬಿಯೇ ಪೆಟ್ರೋಲ್ ಟ್ಯಾಂಕು. ಹೋಂಡಾ ಕಂಪನಿಯ ಬೇರು ಅಲ್ಲಿದೆ. ನಮ್ಮಲ್ಲಿ 1972ರಲ್ಲಿ ಲೂನಾ ಬಂತು, 1980ರಲ್ಲಿ ಪಕ್ಕದ ಹೊಸೂರಿನಿಂದ ಟಿವಿಎಸ್ 50.

ಇನ್ನು ನಮ್ಮ ಬೆಂಗಳೂರಿನ ಪೂರ್ವ ಭಾಗಕ್ಕೆ ಬನ್ನಿ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, ಆಮೇಲೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಎನ್‌ಜಿಇಎಫ್‌ನಲ್ಲಿ ತಯಾರಾಗ್ತಿದ್ದದ್ದೇ ಮೋಟಾರು, ಟ್ರಾನ್ಸ್‌ಫಾರ್ಮರು. ಶಿಫ್ಟ್ ಬಿಟ್ಟ ಮೇಲೆ ಸೈಕಲ್ ಹತ್ತಿ ಮನೆಗೆ ಬರ್ತಿದ್ದ ಫಿಟ್ಟರು, ಟರ್ನರುಗಳ ಮೊಮ್ಮಕ್ಕಳು ಇಂದಿರಾನಗರ, ಕೆ.ಆರ್. ಪುರದಲ್ಲಿ ಈಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಎನ್‌ಜಿಇಎಫ್‌ಗೆ ಬೀಗ ಬಿದ್ದು ಎರಡು ದಶಕ ದಾಟಿತು. ಆ ಮೊಮ್ಮಕ್ಕಳ ಕೈಗೆ ಮತ್ತೆ ಸ್ಪ್ಯಾನರ್ ಬಂದಿದೆ ಅಂದ್ರೆ ನನಗಂತೂ ಸಂತೋಷ.

ಆದರೆ ಕಾನೂನು ಏನು ಹೇಳುತ್ತೆ? ಇಲ್ಲೇ ಇರೋದು ತಮಾಷೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಚಕ್ರ, 25 ಸಿಸಿ ಮೀರದ ಎಂಜಿನ್ ಇದ್ರೆ ಅದು ಮೋಟಾರು ವಾಹನವೇ ಅಲ್ಲ! ಹುಲ್ಲು ಕತ್ತರಿಸೋ ಮಷೀನಿನ ಎಂಜಿನ್ ಕಟ್ಟೋರು ಮೊದಲು ಅದರ ಸಿಸಿ ನೋಡಿಕೊಳ್ಳಿ. ಬ್ಯಾಟರಿಗಾದ್ರೆ ಬೇರೆ ನಿಯಮ: 250 ವಾಟ್‌ಗಿಂತ ಕಡಿಮೆ, ಗಂಟೆಗೆ 25 ಕಿಲೋಮೀಟರ್ ಒಳಗೆ. ಅಷ್ಟಿದ್ರೆ ಲೈಸೆನ್ಸು, ನಂಬರ್ ಪ್ಲೇಟು ಬೇಡ. ಆದರೆ ಅದನ್ನ ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆ ನೋಡಿ ದೃಢಪಡಿಸಬೇಕು. ಪುಣೆಯ ಎಆರ್‌ಎಐ ಥರದ ಸಂಸ್ಥೆ. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕಿಲ್ಲ. ಕಾಕ್ಸ್ ಟೌನಿನ ಹುಡುಗ ಒಂದು ಸೈಕಲ್ ಹೊತ್ಕೊಂಡು ಪುಣೆಗೆ ಹೋಗ್ತಾನಾ? ಹಾಗಾಗಿ ಟಿನ್ ಫ್ಯಾಕ್ಟರಿ ಹತ್ರ ಪೊಲೀಸರು ಕಂಡ ಕೂಡಲೇ ಸ್ವಿಚ್ ಆಫ್ ಮಾಡಿ, ಏನೂ ಗೊತ್ತಿಲ್ಲದವನ ಹಾಗೆ ತುಳೀತಾನೆ.

ಹಾಗಂತ ನಾನು ಹುಡುಗರ ವಕೀಲನಲ್ಲ. 250 ವಾಟ್‌ಗೆ ನಿಲ್ಲೋರು ಎಷ್ಟು ಜನ? ಸಾವಿರ ವಾಟ್ ಹಾಕಿ, ಐವತ್ತರ ವೇಗದಲ್ಲಿ ಓಡಿಸಿ ವಿಡಿಯೋ ಮಾಡ್ತೀರಿ. ವೇಗ ಎರಡು ಪಟ್ಟಾದ್ರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು. ಸ್ಟೀಲ್ ರಿಮ್ಮಿಗೆ ರಬ್ಬರ್ ಕಟ್ಟೆ ಒತ್ತೋ ಬ್ರೇಕು ಮಳೆಯಲ್ಲಿ ಹಿಡಿಯಲ್ಲ ಕಣ್ರಪ್ಪಾ. ಮುಂದಿನ ಚಕ್ರಕ್ಕೆ ಹಬ್ ಮೋಟಾರು ಹಾಕಿ ಟಾರ್ಕ್ ಆರ್ಮ್ ಬಿಗಿಯದೇ ಬಿಟ್ರೆ, ಆಕ್ಸಲ್ಲು ತಾನೇ ತಿರುಗಿ ಫೋರ್ಕಿನಿಂದ ಹೊರಬರುತ್ತೆ. ಚಕ್ರ ಒಂದು ಕಡೆ, ನೀವೊಂದು ಕಡೆ. ಹಳೇ ಲ್ಯಾಪ್‌ಟಾಪ್ ಸೆಲ್ಲುಗಳನ್ನ ಬಿಎಂಎಸ್ ಇಲ್ಲದೆ ಜೋಡಿಸಿ, ರಾತ್ರಿ ಮಂಚದ ಕೆಳಗೆ ಚಾರ್ಜಿಗೆ ಹಾಕಿ ಮಲಗ್ತೀರಿ. ಪಕ್ಕದಲ್ಲಿ ಮಲಗಿರೋ ತಂಗಿ ಏನು ಮಾಡಿದ್ದಾಳೆ?

ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಮೋಟಾರ್ ಸೈಕಲ್ಲನ್ನೂ ತಪಾಸಣೆ ಮಾಡಿ ರಸ್ತೆಗೆ ಬಿಡೋ ವ್ಯವಸ್ಥೆ ಇದೆ. ನಮ್ಮ ಸಾರಿಗೆ ಸಚಿವರನ್ನ ನಾನು ಕೇಳೋದು ಅದನ್ನೇ. ಇಂದಿರಾನಗರದಲ್ಲಿ ಆರ್‌ಟಿಓ ಇದೆ, ಕೆ.ಆರ್. ಪುರದಲ್ಲೂ ಇದೆ. ತಿಂಗಳಿಗೊಂದು ಶನಿವಾರ ಈ ಹುಡುಗರನ್ನ ಕರೀರಿ. ವೇಗ ಅಳೀರಿ, ಬ್ರೇಕು ಹಿಡಿದು ನೋಡಿ, ಬ್ಯಾಟರಿ ಬಿಚ್ಚಿಸಿ ನೋಡಿ. ಪಾಸಾದವನಿಗೆ ಒಂದು ಸ್ಟಿಕ್ಕರು ಕೊಡಿ, ಫೇಲಾದವನಿಗೆ ಎಲ್ಲಿ ತಪ್ಪಿದ್ದಾನೆ ಅಂತ ಹೇಳಿ ಕಳಿಸಿ. ನಿಯಮ ದೆಹಲಿಯದ್ದು, ನಮ್ಮ ಕೈಯಲ್ಲಿಲ್ಲ ಅಂತೀರಾ? ಹಾಗಾದ್ರೆ ದೆಹಲಿಗೆ ಒಂದು ಪತ್ರ ಬರೀರಿ. ಬರೆದಿದ್ದೀವಿ ಅಂತ ಹೇಳಿದ್ರೆ, ಇದೇ ಕುರ್ಚಿಯಲ್ಲಿ ಕೂತು ಅದನ್ನೂ ಓದಿ ಹೇಳ್ತೀನಿ.