ದಾದಿ ಕಲಿಯುವ ಮಕ್ಕಳ ಮನಸ್ಸು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮವರ ಹೆಣ್ಣುಮಕ್ಕಳು ಎಷ್ಟೋ ಮಂದಿ ಇಂದು ನರ್ಸಿಂಗ್ ಕಲಿಯುತ್ತಿದ್ದಾರೆ. ಹದಿನೆಂಟರ ಹುಡುಗಿಗೆ ಹಗಲು ಪಾಠ, ವಾರ್ಡು; ಸರದಿ ಬಂದರೆ ರಾತ್ರಿಪಾಳಿ. ಮೊದಲ ಸಾವನ್ನು ಕಣ್ಣಾರೆ ಕಂಡ ದಿನವೂ ಅವಳು ನಾಳೆಯ ಪರೀಕ್ಷೆಗೆ ಓದಬೇಕು. ನಾವು ಫೋನಿನಲ್ಲಿ "ಊಟ ಆಯಿತೇ ಮಗಾ?" ಎನ್ನುತ್ತೇವೆ, ಮನಸ್ಸು ಹೇಗಿದೆಯೆಂದು ಕೇಳುವುದಿಲ್ಲ.

ಇಂಥ ಮಕ್ಕಳು ಧ್ಯಾನ ಮಾಡಲಿ ಎನ್ನುತ್ತಾರೆ. ಒಳ್ಳೆಯ ಮಾತೇ. ಅದು ಸಂನ್ಯಾಸಿಗಳಿಗೆ ಮಾತ್ರ ಮೀಸಲಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಎಂಬವರು 1979ರಿಂದ ರೋಗಿಗಳಿಗೇ ಇದನ್ನು ಕಲಿಸಿದರು. ನಮ್ಮ ಸಮೀಪದ ಇಗತ್ಪುರಿಯಲ್ಲಿ ಗೋಯೆಂಕಾ ಅವರ ವಿಪಶ್ಯನ ಕೇಂದ್ರವಿದೆ. ಅಲ್ಲಿ 10 ದಿನಗಳ ಶಿಬಿರಕ್ಕೆ ಶುಲ್ಕವಿಲ್ಲ. ಅಷ್ಟು ದಿನ ರಜೆ ಸಿಗದವಳು ಹಾಸ್ಟೆಲಿನಲ್ಲೇ ಹತ್ತು ನಿಮಿಷ ಕುಳಿತು ಉಸಿರನ್ನು ಗಮನಿಸಲಿ. ಮನಸ್ಸು ಓಡಿದರೆ ತನ್ನನ್ನು ತಾನು ಬೈದುಕೊಳ್ಳದೆ ಮರಳಿ ಕರೆತರಲಿ. ಉಸಿರು ನಿಧಾನವಾದಂತೆ ಎದೆಬಡಿತವೂ ತಣಿಯುತ್ತದೆ. ಕಣ್ಣು ಮುಚ್ಚಿದರೆ ಕೆಲವರಿಗೆ ಸಂಕಟ ಹೆಚ್ಚುವುದೂ ಉಂಟು, ಅವರನ್ನು ಒತ್ತಾಯಿಸಬಾರದು.

ಆದರೆ ಒಂದು ಮಾತು. ನಾನು ಹೋಟೇಲಿನಲ್ಲಿ ಲೋಟ ತೊಳೆಯುತ್ತಿದ್ದವನು. ಹದಿನಾಲ್ಕು ಗಂಟೆ ದುಡಿದವನು ಕಣ್ಣು ಮುಚ್ಚಿದರೆ ನಿದ್ದೆ ಬರುತ್ತದೆ, ಧ್ಯಾನ ಬರುವುದಿಲ್ಲ. ನಿದ್ದೆಗೆಟ್ಟ, ಹೆದರಿದ ಹುಡುಗಿಗೆ ಧ್ಯಾನವೊಂದನ್ನೇ ಕೊಟ್ಟು ಕೈತೊಳೆದುಕೊಳ್ಳಬಾರದು.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು, ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋದಾಗ, ಅಲ್ಲಿಯ ಕೆಲಸಗಾರನೊಬ್ಬನೇ ಅವರ ಮೇಲೆ ಎರಗಿದ. ಮಿದುಳಿಗೆ ಆದ ಪೆಟ್ಟಿನಿಂದ 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರು ಹಾಸಿಗೆಯಲ್ಲೇ ಇದ್ದರು. ಅಂದು ದಾದಿಯರು ಭದ್ರತೆ ಕೇಳಿ ಮುಷ್ಕರ ಹೂಡಿದರು. ಅವರೂ ಅವರ ನಂತರ ಬಂದವರೂ ಸುಮಾರು 42 ವರ್ಷ ಅರುಣಾ ಅವರಿಗೆ ಉಣಿಸಿ, ಮೀಯಿಸಿ ನೋಡಿಕೊಂಡರು. ಹಕ್ಕು ಕೇಳಿದ ಕೈಗಳೇ ಸೇವೆಯನ್ನೂ ಮಾಡಿದವು.

ಆದುದರಿಂದ ಮಕ್ಕಳ ಪರವಾಗಿ ನಾವು ಮೂರನ್ನು ಕೇಳೋಣ: ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ, ರಾತ್ರಿಪಾಳಿಯ ಮರುದಿನ ಪೂರ್ಣ ನಿದ್ದೆ, ಹೆದರದೆ ದುಃಖ ಹೇಳಿಕೊಳ್ಳಬಹುದಾದ ಒಬ್ಬ ಹಿರಿಯಳು. ಮನಸ್ಸು ತೀರ ಕುಸಿದರೆ 14416ಕ್ಕೆ ಫೋನು ಮಾಡಲಿ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಅದು. ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಇಂದು ರಾತ್ರಿ ಮಗಳಿಗೆ ಫೋನು ಮಾಡಿರಿ. ಬುದ್ಧಿ ಹೇಳಬೇಡಿರಿ, ಅವಳು ಹೇಳುವುದನ್ನು ಕೊನೆಯವರೆಗೆ ಕೇಳಿರಿ.