ಅರ್ಬುದ ರೋಗ, ವಾರ್ಡಿನ ಆರೋಗ್ಯ ಕೇಂದ್ರ ಮತ್ತು ಹೊರನಾಡ ಕನ್ನಡಿಗರು



ಆರೋಗ್ಯದ ವಿಷಯವಾಗಿ ಮಾತನಾಡಲು ವೈದ್ಯರನ್ನು ಕರೆಯುವುದು ವಾಡಿಕೆ. ನಾನು ವೈದ್ಯನಲ್ಲ, ಕಡತಗಳ ನಡುವೆ ಆಯುಷ್ಯ ಕಳೆದ ಕೇಂದ್ರ ಸರ್ಕಾರದ ಅಧಿಕಾರಿ. ಆದರೂ ಕಾರ್ಯದರ್ಶಿಗಳು ನನ್ನನ್ನೇ ಒತ್ತಾಯಿಸಿದರು. ನನ್ನ ಮನೆಯಲ್ಲಿ ನಡೆದದ್ದು ಇಲ್ಲಿ ಹಲವರಿಗೆ ಗೊತ್ತಿರುವುದೇ ಅದಕ್ಕೆ ಕಾರಣ. ಅದರಿಂದಲೇ ಆರಂಭಿಸುತ್ತೇನೆ.

2018ರಲ್ಲಿ ನಾನು ತಿರುವನಂತಪುರದಲ್ಲಿದ್ದೆ. ತಂದೆಯವರು ತೀರಿಕೊಂಡ ಮೇಲೆ ತಾಯಿಯವರು ಸಾಗರದ ಕಡೆಯ ಊರು ಬಿಟ್ಟು ನಮ್ಮೊಡನೆ ಬಂದಿದ್ದರು. ಅಡಿಕೆ ತೋಟದ ಮನೆಯವರು. ಹೊಗೆಸೊಪ್ಪು ಸೇರಿಸಿ ಕವಳ ಹಾಕುವುದು ಅವರಿಗೆ ಮದುವೆಯಾಗಿ ಬಂದಂದಿನ ಅಭ್ಯಾಸ. ಒಂದು ದಿನ ವಾರ್ಡಿನ ಆಶಾ ಕಾರ್ಯಕರ್ತೆ ಪುಸ್ತಕ ಹಿಡಿದು ಬಾಗಿಲಿಗೆ ಬಂದರು. ಮನೆಯಲ್ಲಿ ಮೂವತ್ತು ದಾಟಿದವರೆಷ್ಟು, ಮುರುಕ್ಕಾನ್ ಅಂದರೆ ಎಲೆಯಡಿಕೆ ಹಾಕುವವರಿದ್ದಾರೆಯೇ, ಬಾಯಲ್ಲಿ ಮಾಯದ ಹುಣ್ಣು, ಬಿಳಿಯ ಕಲೆ ಏನಾದರೂ ಇದೆಯೇ ಎಂದು ಕೇಳಿದರು. "ನಮಗೆ ಇಲಾಖೆಯ ವೈದ್ಯಕೀಯ ಸೌಲಭ್ಯವಿದೆ, ನಿಮ್ಮ ಪಟ್ಟಿಗೆ ನಮ್ಮನ್ನು ಸೇರಿಸುವುದು ಬೇಡ" ಎಂದು ಹೇಳಿ ನಾನು ಆಕೆಯನ್ನು ಕಳುಹಿಸಿಬಿಟ್ಟೆ. ಒಳಗೆ ತಾಯಿಯವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮರುವರ್ಷ ಅವರ ಬಲಗೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾದಾಗ ಅದು ಕತ್ತಿನ ಗಂಟಿಗೂ ಹಬ್ಬಿತ್ತು.

ಆ ಮಾತನ್ನು ನಾನು ಎಂಥ ಊರಿನಲ್ಲಿ ನಿಂತು ಆಡಿದೆನೆಂಬುದು ಆಗ ನನಗೆ ತಿಳಿದಿರಲಿಲ್ಲ. 1981ರಲ್ಲಿ ಡಾ. ಎಂ. ಕೃಷ್ಣನ್ ನಾಯರ್ ಅವರ ನೇತೃತ್ವದಲ್ಲಿ ಆರಂಭವಾದ ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್ ನಿಮಗೆಲ್ಲ ಪರಿಚಿತ. ಅಲ್ಲಿಯೇ ಮೊದಲು ಕೆಲಸ ಮಾಡಿದ್ದ ಡಾ. ಶಂಕರನಾರಾಯಣನ್ ಅವರು ಮುಂದೆ ಫ್ರಾನ್ಸಿನ ಲಿಯೋನಿನಲ್ಲಿರುವ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆಗೆ ಸೇರಿದರು. ಅವರೂ ಈ ಕೇಂದ್ರದವರೂ ಕೂಡಿ 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ ಒಂದು ಪ್ರಯೋಗ ಆರಂಭಿಸಿದರು. ಏಳು ಪಂಚಾಯತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, 35 ದಾಟಿದವರ ಬಾಯಿ ತೆರೆಸಿ, ಬೆಳಕು ಹಿಡಿದು ನೋಡಿದರು. ಉಳಿದ ಆರರಲ್ಲಿ ಎಂದಿನ ವ್ಯವಸ್ಥೆಯೇ ಇತ್ತು. ದೊಡ್ಡ ಯಂತ್ರವಿಲ್ಲ, ರಕ್ತಪರೀಕ್ಷೆಯಿಲ್ಲ; ಬಾಯಿ ನೋಡುವುದೊಂದೇ.

2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಸಾವು ಶೇಕಡಾ 34ರಷ್ಟು ಕಡಿಮೆಯಾಗಿತ್ತು. ಎಲ್ಲರನ್ನೂ ಸೇರಿಸಿ ನೋಡಿದರೆ ವ್ಯತ್ಯಾಸ ಅಷ್ಟು ಖಚಿತವಲ್ಲ. ತಪಾಸಣೆಯಾದ ಕಡೆ 77 ಸಾವು, ಆಗದ ಕಡೆ 87. ಹದಿನೈದು ವರ್ಷಗಳ ಲೆಕ್ಕ 2013ರಲ್ಲಿ ಬಂದಾಗ, ಅಭ್ಯಾಸವಿದ್ದು ನಾಲ್ಕೂ ಸುತ್ತು ತಪಾಸಣೆಗೆ ಒಳಗಾದವರಲ್ಲಿ ಸಾವು ಶೇಕಡಾ 81ರಷ್ಟು ಇಳಿದಿತ್ತು. ಕರೆದಾಗಲೆಲ್ಲ ಬರುವವರು ಮೊದಲೇ ಎಚ್ಚರದವರಾಗಿರುತ್ತಾರೆ, ಆದುದರಿಂದ ಇಡೀ ಶ್ರೇಯಸ್ಸು ತಪಾಸಣೆಯದೆನ್ನಲಾಗದು. ಆದರೂ ಕಡಮೆ ಮಾತಲ್ಲ.

ಕಡತ ನೋಡಿ ಅಭ್ಯಾಸವಾದ ನನ್ನ ಕಣ್ಣು ನಿಂತದ್ದು ಬೇರೊಂದು ಸಂಖ್ಯೆಯ ಮೇಲೆ. 2005ರ ವರದಿಯಲ್ಲಿ, ಅನುಮಾನವಿದೆಯೆಂದು ಕಾರ್ಯಕರ್ತರು ಗುರುತಿಸಿ ವೈದ್ಯರ ಬಳಿಗೆ ಹೋಗಿರೆಂದು ಹೇಳಿದವರು 5,145 ಮಂದಿ. ಹೋದವರು 3,218. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಮನೆಬಾಗಿಲಿಗೂ ವೈದ್ಯರಿಗೂ ನಡುವೆ ಎಲ್ಲಿಯೋ ಉಳಿದುಬಿಟ್ಟರು. ಸಾಕ್ಷರತೆಗೆ ಹೆಸರಾದ ನಾಡಿನಲ್ಲಿ, ತಮ್ಮದೇ ಭಾಷೆಯಲ್ಲಿ ತಿಳಿಸಿ ಹೇಳಿದ ಮೇಲೂ ಹೀಗಾಯಿತು. ಹಾಗಾದರೆ ಪರಭಾಷೆಯ ನಾಡಿನಲ್ಲಿರುವ ನಮ್ಮ ಗತಿಯೇನು?

ನಮ್ಮ ಸ್ಥಿತಿಯನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕು. ಕೊಚ್ಚಿಯಲ್ಲಿ ನಾವು ದೊಡ್ಡ ಆಸ್ಪತ್ರೆಗಳ ಹೆಸರೆಲ್ಲ ಬಲ್ಲೆವು. ವಾರ್ಡಿನ ಕುಡುಂಬಾರೋಗ್ಯ ಕೇಂದ್ರ ಎಲ್ಲಿದೆಯೆಂದು ಬಲ್ಲವರು ಈ ಸಭೆಯಲ್ಲಿ ಎಷ್ಟು ಮಂದಿ? ಅದು ಬಡವರಿಗೆ, ಸ್ಥಳೀಯರಿಗೆ ಎಂಬ ಭಾವನೆ. ಕಾಯಿಲೆ ಜೋರಾದರೆ ಬೆಂಗಳೂರಿಗೋ ಮಂಗಳೂರಿಗೋ ಓಡುತ್ತೇವೆ. ಹೀಗಾಗಿ ಇಲ್ಲಿಯ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ, ಊರಿನ ಪಟ್ಟಿಯಿಂದ ಅದು ಎಂದೋ ಹೋಗಿದೆ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠಗಳ ತಪಾಸಣೆ ಐದು ವರ್ಷಕ್ಕೊಮ್ಮೆಯಾದರೂ ನಡೆಯಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿಯೇ ಕಾರ್ಯಸೂಚಿ ಹೊರಡಿಸಿದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 30ರಿಂದ 49ರ ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಆದವರು ಶೇಕಡಾ 1.9, ಸ್ತನದ್ದು 0.9. ಗರ್ಭಕಂಠದ ತಪಾಸಣೆಗೆ ದುಬಾರಿ ಸಾಧನವೇ ಬೇಕೆಂದಿಲ್ಲ. ತೆಳುಗೊಳಿಸಿದ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು ನೋಡುವ ಕ್ರಮದಿಂದಲೇ ಸಾವು ಶೇಕಡಾ 31ರಷ್ಟು ಇಳಿಯಿತೆಂದು ಮುಂಬಯಿಯ ಅಧ್ಯಯನ 2014ರಲ್ಲಿ ತೋರಿಸಿತು. ಸಂಕೋಚವೇ ದೊಡ್ಡ ಅಡ್ಡಿ. ನಮ್ಮ ಮನೆಗಳಲ್ಲಿ ಈ ರೋಗದ ಹೆಸರನ್ನೇ ಎತ್ತುವುದಿಲ್ಲ, 'ಆ ಕಾಯಿಲೆ' ಎನ್ನುತ್ತೇವೆ. ಅರ್ಬುದ ಎಂಬ ನಮ್ಮದೂ ಆದ ಶಬ್ದವನ್ನು ಮಲಯಾಳಿಗಳು ಗೋಡೆಯ ಮೇಲೆ ಬರೆದು ಗಟ್ಟಿಯಾಗಿ ಓದುತ್ತಾರೆ.

ಇನ್ನು ಚಿಕಿತ್ಸೆ ಮುಗಿದ ಮೇಲಿನ ಮಾತು. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ನನ್ನ ತಮ್ಮ ಬೆಂಗಳೂರಿನಲ್ಲಿರುವುದರಿಂದ ತಾಯಿಯವರಿಗೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಎಲ್ಲವೂ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನಡೆದವು. ಕೆಲಸ ಚೆನ್ನಾಗಿಯೇ ಮಾಡಿದರು. ಬಿಡುಗಡೆಯ ಕಾಗದದಲ್ಲಿ ಮಾತ್ರ, ಚಿಕಿತ್ಸೆ ಪೂರ್ಣಗೊಂಡಿದೆ, ಎರಡು ತಿಂಗಳಿಗೊಮ್ಮೆ ಬರತಕ್ಕದ್ದು ಎಂಬ ಒಂದೇ ಸಾಲು. ಅಷ್ಟರಲ್ಲಿ ನನಗೆ ಕೊಚ್ಚಿಗೆ ವರ್ಗವಾಗಿತ್ತು. ಎರಡು ಬಾರಿ ಐಲೆಂಡ್ ಎಕ್ಸ್‌ಪ್ರೆಸ್ಸಿನಲ್ಲಿ ಕರೆದೊಯ್ದೆವು. ಬಳಿಕ 2020ರ ಮಾರ್ಚ್ ಬಂತು, ರೈಲು ನಿಂತಿತು. ತಲಪಾಡಿಯ ಗಡಿ ಮುಚ್ಚಿ, ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲಿ ಸಿಕ್ಕಿಬಿದ್ದು, ವಿಷಯ ಕೇರಳ ಹೈಕೋರ್ಟಿನವರೆಗೆ ಹೋದದ್ದು ಆಗಲೇ.

ಬೇರೆ ಗತಿಯಿಲ್ಲದೆ ನಾನು ವಾರ್ಡಿನ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದೆ. ಅಲ್ಲಿಂದ ಮನೆಗೆ ಬಂದ ಸಿಸ್ಟರ್ ಮೊದಲು ಕೇಳಿದ್ದು ಚಿಕಿತ್ಸೆಯ ಸಾರಾಂಶ, ನಮ್ಮಲ್ಲಿರಲಿಲ್ಲ. ಬಾಯಿ ಎಷ್ಟು ತೆರೆಯುತ್ತದೆಂದು ಬೆರಳಿಟ್ಟು ನೋಡಿದರು. ಮೂರು ಬೆರಳು ಹೋಗಬೇಕಾದಲ್ಲಿ ಒಂದು ಹೋಗುತ್ತಿತ್ತು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಹಿಡಿಯುವ ವ್ಯಾಯಾಮ ಕಲಿಸಿದರು. ತಾಯಿಯವರು "ಉರಿ, ಉರಿ" ಎಂದರು. ಮಲಯಾಳದಲ್ಲಿ ಉರಿಯುವುದೆಂದರೆ ಸುಲಿಯುವುದು. ಸಿಪ್ಪೆ ಏಳುತ್ತಿದೆಯೆಂದು ತಿಳಿದು ಸಿಸ್ಟರ್ ಬಹಳ ಹೊತ್ತು ಚರ್ಮ ಹುಡುಕಿದರು. ಅವರ ಮಾತಿನಲ್ಲಿ ಅದು ಎರಿಚ್ಚಿಲ್. ಆ ಒಂದು ಶಬ್ದ ನನ್ನ ಹೆಂಡತಿಗೆ ಗೊತ್ತಿದ್ದುದರಿಂದ ಕೆಲಸ ನಡೆಯಿತು.

ವರ್ಷದ ಕೊನೆಗೆ ತಾಯಿಯವರು ಸದಾ ತೂಕಡಿಸತೊಡಗಿದರು, ಚಳಿ ಎನ್ನುತ್ತಿದ್ದರು, ಯಾರೊಡನೆಯೂ ಮಾತಿಲ್ಲ. ವಯಸ್ಸು, ತಂದೆಯವರ ಕೊರಗು ಎಂದುಕೊಂಡೆವು. ಆರೋಗ್ಯ ಕೇಂದ್ರದ ತರುಣ ವೈದ್ಯೆ, ಕತ್ತಿಗೆ ವಿಕಿರಣ ಕೊಟ್ಟವರಲ್ಲಿ ಥೈರಾಯ್ಡ್ ಕುಗ್ಗುವುದುಂಟು, ರಕ್ತ ನೋಡೋಣ ಎಂದರು. ಹಾಗೆಯೇ ಇತ್ತು. ದಿನಕ್ಕೊಂದು ಸಣ್ಣ ಮಾತ್ರೆ. ಎರಡು ತಿಂಗಳಲ್ಲಿ ತಾಯಿಯವರು ಸೊಸೆಯ ಸಾರಿಗೆ ಮತ್ತೆ ತಪ್ಪು ಹುಡುಕತೊಡಗಿದರು.

ಮನೆಬಾಗಿಲಿಗೆ ಬರುವವರ ವಿಷಯವಾಗಿ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. 2025ರ ಫೆಬ್ರವರಿ 4ರಂದು ಕೇರಳ ಸರ್ಕಾರ ಮಹಿಳೆಯರ ಕ್ಯಾನ್ಸರ್ ತಪಾಸಣೆಗಾಗಿ ದೊಡ್ಡ ಅಭಿಯಾನ ಆರಂಭಿಸಿತು, ಒಳ್ಳೆಯ ಕೆಲಸ. ಅದೇ ತಿಂಗಳ 10ರಂದು ಆಶಾ ಕಾರ್ಯಕರ್ತೆಯರಲ್ಲಿ ಒಂದು ಬಣ ತಿರುವನಂತಪುರದ ಸೆಕ್ರೆಟರಿಯಟ್ ಮುಂದೆ ಧರಣಿ ಕುಳಿತಿತು. 7,000 ರೂಪಾಯಿಯ ಗೌರವಧನವನ್ನು 21,000ಕ್ಕೆ ಏರಿಸಬೇಕೆಂಬುದು ಬೇಡಿಕೆ. ಹಗಲಿರುಳಿನ ಆ ಧರಣಿ ತಿಂಗಳುಗಟ್ಟಲೆ ನಡೆಯಿತು. ಕೇಂದ್ರ ಕೊಡಬೇಕೋ ರಾಜ್ಯ ಕೊಡಬೇಕೋ ಎಂಬ ವಾದದಲ್ಲಿ ನನ್ನಂಥ ನೌಕರ ಬಾಯಿ ಹಾಕಲಾಗದು. ಆದರೆ ಆಕೆಯನ್ನು ಸ್ವಯಂಸೇವಕಿ ಎಂದು ಕರೆದು, ಕೆಲಸವನ್ನು ಮಾತ್ರ ನೌಕರಳಿಗಿಂತ ಹೆಚ್ಚು ಮಾಡಿಸುವ ವ್ಯವಸ್ಥೆ ಬಹುಕಾಲ ನಡೆಯಲಾರದು.

ಸಂಘದಿಂದ ಏನಾದೀತು? ಬಾಡಿಗೆ ಮನೆಯಾದರೂ ಸರಿ, ಪ್ರತಿ ಕುಟುಂಬವೂ ವಾರ್ಡಿನ ಪಟ್ಟಿಯಲ್ಲಿ ಹೆಸರು ಬರೆಸಲಿ. ಚಿಕಿತ್ಸೆಯಾದವರು ತಮ್ಮ ವೈದ್ಯರನ್ನು ಕಾಡಿ ಬೇಡಿ ಎರಡು ಪುಟದ ಸಾರಾಂಶ ಬರೆಸಿಕೊಳ್ಳಲಿ. ಯಾವ ಭಾಗ, ಎಷ್ಟು ಹಬ್ಬಿತ್ತು, ಯಾವ ಔಷಧ, ವಿಕಿರಣ ಎಲ್ಲಿಗೆ ಎಷ್ಟು, ಮುಂದೆ ಏನನ್ನು ಗಮನಿಸಬೇಕು ಎಂಬುದೆಲ್ಲ ಅದರಲ್ಲಿರಲಿ. ಒಂದು ಪ್ರತಿ ಆರೋಗ್ಯ ಕೇಂದ್ರದಲ್ಲಿರಲಿ. ಎರಡೂ ಭಾಷೆ ಬಲ್ಲ ನಾಲ್ವರು ಸೋದರಿಯರು ತಪಾಸಣೆಗೆ ಹೋಗುವವರ ಜೊತೆ ಹೋಗಲು ಒಪ್ಪಿದ್ದಾರೆ. ಅನುಮಾನವಿದೆಯೆಂದು ಅಲ್ಲಿ ಹೇಳಿದರೆ ದೊಡ್ಡ ಆಸ್ಪತ್ರೆಯವರೆಗೂ ಅವರೇ ಜೊತೆಗಿರುತ್ತಾರೆ. ಉರಿಗೆ ಎರಿಚ್ಚಿಲ್, ಜೋಮಿಗೆ ತರಿಪ್ಪು, ಹೀಗೆ ಐವತ್ತು ಶಬ್ದಗಳ ಒಂದು ಹಾಳೆಯನ್ನು ನನ್ನ ಹೆಂಡತಿ ಸಿದ್ಧಪಡಿಸಿದ್ದಾಳೆ.

ಹೆಸರು ಬರೆಸುವ ಪುಸ್ತಕ ಹಿಂದಿನ ಮೇಜಿನ ಮೇಲಿದೆ. ವಾರ್ಡಿನ ಹೆಸರು ಗೊತ್ತಿಲ್ಲದವರು ಮನೆಯ ಮಾಲೀಕರನ್ನು ಕೇಳಿ ಮುಂದಿನ ಭಾನುವಾರದೊಳಗೆ ತಿಳಿಸಿದರೆ ಸಾಕು. ತಾಯಿಯವರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಕಡ್ಡಿಗಳ ವ್ಯಾಯಾಮದ ವಿಷಯ ಕೇಳಬೇಕೆನ್ನುವವರು ಅವರನ್ನೇ ಕೇಳಬಹುದು.