ಪಳ್ಳದ ಕಾವಲುಗಾರರು

(ಕಲಿಕಾ ಕೇಂದ್ರದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)

ಕಳೆದ ವಾರ ಇಲ್ಲಿ ಒಂದು ಮಾತು ಬಂತು. "ಊರಲ್ಲಿ ಡೆಂಗಿ ಜ್ವರ ಇದೆ. ಪಳ್ಳದ ತುಂಬ ಹುಳುಗಳಿವೆ. ತೋಟಕ್ಕೆ ಬಿಡುವ ಮದ್ದನ್ನೇ ಅಲ್ಲಿಗೂ ಸುರಿಯೋಣ" ಅಂತ. ಸುರಿಯುವ ಮೊದಲು ಆ ಹುಳುಗಳು ಯಾವುವು ಅಂತ ನೋಡಬೇಕಲ್ಲ?

ನಮ್ಮ ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಮಳೆನೀರು ನಿಲ್ಲುವ ಜಾಗವೇ ಪಳ್ಳ. ಆ ನೀರು ಮೆಲ್ಲ ಇಂಗಿ ನಮ್ಮ ಬಾವಿಗೆ, ಸುರಂಗಕ್ಕೆ ಬರುತ್ತದೆ.

ಮೊನ್ನೆ ನಾನು ಪಳ್ಳದ ಬದಿಯಲ್ಲಿ ಅರ್ಧ ಗಂಟೆ ಕೂತೆ. ಉದ್ದ ಕಾಲಿನ ಹುಳು ನೀರಿನ ಮೇಲೆಯೇ ಓಡುತ್ತಿತ್ತು. ಅದರ ಕಾಲಲ್ಲಿ ಒದ್ದೆಯಾಗದ ಸಣ್ಣ ರೋಮಗಳಿವೆ. ಹಾಗಾಗಿ ಮುಳುಗುವುದಿಲ್ಲ. ಕಪ್ಪು ಹುಳುಗಳು ಬುಗುರಿಯ ಹಾಗೆ ಸುತ್ತುತ್ತಿದ್ದವು. ಅವುಗಳ ಕಣ್ಣು ಎರಡು ಪಾಲಾಗಿದೆ. ಒಂದು ಪಾಲು ನೀರಿನ ಮೇಲೆ ನೋಡುತ್ತದೆ, ಇನ್ನೊಂದು ನೀರಿನ ಒಳಗೆ. ಮತ್ತೊಂದು ಹುಳು ಅಂಗಾತ ಮಲಗಿ ಈಜುತ್ತಿತ್ತು. ಇನ್ನೊಂದರ ಬೆನ್ನಿನ ತುಂಬ ಮೊಟ್ಟೆ. ಅದು ಗಂಡು! ಹೆಣ್ಣು ಮೊಟ್ಟೆ ಅಂಟಿಸಿ ಹೋಗುತ್ತದೆ. ಮರಿಯಾಗುವವರೆಗೆ ಗಂಡೇ ಹೊರಬೇಕು. ಅಣ್ಣಂದಿರು ಕೇಳಿಸಿಕೊಳ್ಳಿ.

ಏರೋಪ್ಲೇನ್ ಚಿಟ್ಟೆ ನಿಮಗೆಲ್ಲ ಗೊತ್ತು. ಅದರ ಮರಿ ಬೆಳೆಯುವುದು ನೀರಿನೊಳಗೆ. ಅಲ್ಲಿ ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುತ್ತದೆ. ರೆಕ್ಕೆ ಬಂದ ಮೇಲೆ ಹಾರುವ ಸೊಳ್ಳೆಯನ್ನೂ ತಿನ್ನುತ್ತದೆ. ಅಂಗಾತ ಈಜುವ ಹುಳುವೂ ಸೊಳ್ಳೆ ಮರಿ ತಿನ್ನುತ್ತದೆ. ಇವರೇ ಪಳ್ಳದ ಕಾವಲುಗಾರರು.

ಮದ್ದು ಸುರಿದರೆ ಏನಾಗುತ್ತದೆ? ಎಲ್ಲವೂ ಸಾಯುತ್ತವೆ. ಆದರೆ ಸೊಳ್ಳೆಗೆ ಮೊಟ್ಟೆಯಿಂದ ಹಾರುವಷ್ಟು ಬೆಳೆಯಲು ಎಂಟು ಹತ್ತು ದಿನ ಸಾಕು. ಏರೋಪ್ಲೇನ್ ಚಿಟ್ಟೆಗೆ ಅದಕ್ಕಿಂತ ತುಂಬ ಹೆಚ್ಚು ಸಮಯ ಬೇಕು. ಕಾವಲುಗಾರ ಬರುವ ಮೊದಲೇ ಕಳ್ಳ ಬಂದಿರುತ್ತಾನೆ.

ಡೆಂಗಿ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ನಮ್ಮ ಮನೆಯ ಸುತ್ತಲೇ. ರಬ್ಬರ್ ಮರಕ್ಕೆ ಕಟ್ಟಿದ ಗೆರಟೆ, ಬಿದ್ದ ಅಡಿಕೆ ಹಾಳೆ, ಹಳೇ ಟಯರು, ಮುಚ್ಚದ ಡ್ರಮ್ಮು. ಆ ಚೂರು ನೀರಿನಲ್ಲಿ ಕಾವಲುಗಾರರು ಇಲ್ಲ.

ವಿಷದ ಕಥೆ ನಮಗೆ ಹೊಸತಲ್ಲ. ಗೇರು ಮರದ ಒಂದು ಕೀಟವನ್ನು ಕೊಲ್ಲಲು ನಮ್ಮ ಜಿಲ್ಲೆಯಲ್ಲಿ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು ಗೇರು ಮರದಲ್ಲೇ ನಿಲ್ಲಲಿಲ್ಲ. ತೋಡಿಗೂ ಕೆರೆಗೂ ಇಳಿಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆಯಿತು. ಅಷ್ಟರಲ್ಲಿ ನಮ್ಮ ಎಷ್ಟೋ ಮನೆಗಳು ನೋವು ತಿಂದಾಗಿತ್ತು. ವಿಷಕ್ಕೆ ಕಣ್ಣಿಲ್ಲ.

ಹಾಗಾದರೆ ಏನು ಮಾಡೋಣ? ವಾರಕ್ಕೊಮ್ಮೆ ಗೆರಟೆ, ಹಾಳೆಗಳನ್ನು ಕವುಚಿ ಹಾಕೋಣ. ಡ್ರಮ್ಮು ಮುಚ್ಚೋಣ. ಮದ್ದು ಬಿಡುವ ಪಂಪನ್ನು ಪಳ್ಳದಲ್ಲಿ ತೊಳೆಯುವುದು ಬೇಡ. ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗೋಣ.

ಬರುವ ಭಾನುವಾರ ಪುಸ್ತಕ, ಪೆನ್ಸಿಲು ಹಿಡಿದು ಪಳ್ಳಕ್ಕೆ ಬನ್ನಿ. ಕಂಡ ಹುಳುಗಳಿಗೆ ನಿಮ್ಮ ಮನೆಯಲ್ಲಿ ಏನು ಹೆಸರೋ ಅದನ್ನೇ ಬರೆಯಿರಿ. ಆ ಪಟ್ಟಿಯ ಜೊತೆ "ನಮ್ಮ ಪಳ್ಳ ಉಳಿಯಲಿ" ಅಂತ ಪಂಚಾಯತಿಗೆ ಅರ್ಜಿ ಕೊಡೋಣ. ಕೆಳಗೆ ಹೆಬ್ಬೆಟ್ಟು ಬೇಡ. ನಿಮ್ಮ ಸಹಿಯೇ ಇರಲಿ.